ಇನ್ನು ಮೇಲೆ ಫೆಟಾ ಒಂದು ವಾರ ತಡವಾಗಿ ಬರುತ್ತದೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮಂಗಳವಾರ ಮಾಡಿದ ಫೆಟಾ (ಉಪ್ಪುನೀರಿನಲ್ಲಿಡುವ ಮೆದು ಚೀಸ್) ಶುಕ್ರವಾರ ನಿಮ್ಮ ಮನೆ ಸೇರುತ್ತಿತ್ತು. ಈ ತಿಂಗಳಿಂದ ಹಾಗಾಗುವುದಿಲ್ಲ. ಲ್ಯಾಬಿನ ರಿಪೋರ್ಟ್ ಕೈಗೆ ಬರುವವರೆಗೆ ಯಾವ ಬ್ಯಾಚೂ ನಮ್ಮ ಕೋಲ್ಡ್ ರೂಮಿನಿಂದ ಹೊರಡುವುದಿಲ್ಲ. ಅದಕ್ಕೆ ಐದರಿಂದ ಏಳು ದಿನ ಬೇಕು.

ಕಾರಣ ಒಂದು ಫೋನ್ ಕರೆ. "ಮಗಳು ಈಗ ಐದು ತಿಂಗಳ ಬಸುರಿ, ನಿಮ್ಮ ಫೆಟಾ ತಿನ್ನಬಹುದಾ?" ಅಂತ ಒಬ್ಬ ಅಮ್ಮ ಕೇಳಿದರು. "ಪಾಶ್ಚರೀಕರಿಸಿದ ಹಾಲೇ ಅಮ್ಮಾ, ಧೈರ್ಯವಾಗಿ ತಿನ್ನಲಿ" ಎಂದುಬಿಟ್ಟೆವು. ಫೋನ್ ಇಟ್ಟ ಮೇಲೆ ಯಾಕೋ ಸಮಾಧಾನ ಆಗಲಿಲ್ಲ. ರೋಗಾಣು ಸಾಯಲೆಂದು ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುವುದು ನಿಜ, ಪಾಶ್ಚರೀಕರಣ ಅಂದರೆ ಅದೇ. ಆದರೆ ಹಾಲು ಹೆಪ್ಪಾದ ಮೇಲೆ ಅದಕ್ಕೆ ಕೈ ತಾಗುತ್ತದೆ, ಬಟ್ಟೆ ತಾಗುತ್ತದೆ, ಆಮೇಲೆ ಉಪ್ಪುನೀರಿನ ಟಬ್ಬಿಗೆ ಇಳಿಯುತ್ತದೆ. ನಮಗೆ ಹಾಲಿನ ವಿಷಯ ಗೊತ್ತಿತ್ತು, ಚೀಸಿನ ವಿಷಯ ಗೊತ್ತಿರಲಿಲ್ಲ.

ಭಯ ಇರುವುದು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ್ದು. ಫ್ರಿಜ್ಜಿನ 4 ಡಿಗ್ರಿ ಚಳಿಯಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ಉಪ್ಪಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಮೂಸಿದರೆ ಗೊತ್ತಾಗುವುದಿಲ್ಲ, ರುಚಿಯೂ ಕೆಡುವುದಿಲ್ಲ. ಗಟ್ಟಿಮುಟ್ಟಾದವರಿಗೆ ಸುಮ್ನೆ ಜ್ವರ ಬಂದು ಹೋದೀತು, ಬಸುರಿಯಾದರೆ ಹೊಟ್ಟೆಯಲ್ಲಿರುವ ಮಗುವೇ ಉಳಿಯದಿರಬಹುದು. 1985ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಒಂದು ಮೆದು ಚೀಸಿನಿಂದ 142 ಜನರಿಗೆ ಈ ಸೋಂಕು ತಗಲಿತು. 48 ಸಾವು. ಅವುಗಳಲ್ಲಿ 30 ಗರ್ಭದಲ್ಲಿದ್ದ ಅಥವಾ ಆಗಷ್ಟೇ ಹುಟ್ಟಿದ ಕೂಸುಗಳು. ಪಾಶ್ಚರೀಕರಿಸಿದ ಹಾಲಿಗೆ ಹಸಿ ಹಾಲು ಸೇರಿಹೋಗಿತ್ತು ಎಂದು ಆಮೇಲೆ ತಿಳಿಯಿತು.

ಈಗ ಪ್ರತಿ ಬ್ಯಾಚಿನಿಂದ ಐದು ಪ್ಯಾಕ್ ಲ್ಯಾಬಿಗೆ ಹೋಗುತ್ತವೆ. ಒಂದೊಂದರ 25 ಗ್ರಾಮಿನಲ್ಲೂ ಲಿಸ್ಟೀರಿಯಾ ಇರಕೂಡದು. ಜೊತೆಗೆ ವಾರಕ್ಕೊಮ್ಮೆ ನೆಲದ ಮೋರಿ, ಟೇಬಲ್ಲಿನ ಕಾಲು, ಟಬ್ಬಿನ ಅಂಚನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕಳಿಸುತ್ತೇವೆ. ಮೊದಲ ದಿನ ಮೋರಿಯ ಜಾಲರಿ ಎತ್ತಿದಾಗ ನಾಚಿಕೆಯಾಯಿತು. ದಿನಾ ಮೇಲಿನಿಂದ ತೊಳೆಯುತ್ತಿದ್ದೆವು, ಅಡಿಯಲ್ಲಿ ಬೆರಳಿಗೆ ಜಾರುವಷ್ಟು ಲೋಳೆ ಇತ್ತು! ರಿಪೋರ್ಟ್ ಸರಿಯಾಗೇ ಬಂತು. ಆದರೂ ಜಾಲರಿ ಬದಲಾಯಿಸಿದೆವು.

ರಿಕೋಟಾ ಎಂಬ ತಾಜಾ ಚೀಸ್ ಮಾತ್ರ ಸದ್ಯಕ್ಕೆ ನಿಲ್ಲಿಸಿದ್ದೇವೆ. ರಿಪೋರ್ಟ್ ಬರುವಷ್ಟರಲ್ಲಿ ಅದರ ಆಯಸ್ಸೇ ಮುಗಿಯುತ್ತೆ. ಇಷ್ಟಪಡುವವರು ಜಾಸ್ತಿ ಇದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಚೆಡ್ಡಾರ್ ಹೇಗೂ ತಿಂಗಳುಗಟ್ಟಲೆ ಮಾಗುತ್ತದಲ್ವಾ, ಅದರಲ್ಲಿ ನಿಮಗೆ ವ್ಯತ್ಯಾಸ ಕಾಣಿಸದು. ಲ್ಯಾಬಿನ ಖರ್ಚಿಗೆಂದು 200 ಗ್ರಾಂ ಫೆಟಾಗೆ 15 ರೂಪಾಯಿ ಏರಿಸಿದ್ದೇವೆ. ಲೇಬಲ್ಲಿನ ಮೇಲಿರುವ ಬ್ಯಾಚ್ ನಂಬರ್ ಹೇಳಿದರೆ ಅದರ ರಿಪೋರ್ಟ್ ಕಳಿಸುತ್ತೇವೆ.

ಆ ಅಮ್ಮನಿಗೆ ನಾವೇ ವಾಪಸ್ ಫೋನ್ ಮಾಡಿದೆವು. ಐದು ಪ್ಯಾಕ್ ಚೆನ್ನಾಗಿವೆ ಅಂದ ಮಾತ್ರಕ್ಕೆ ಆರನೆಯದಕ್ಕೆ ಗ್ಯಾರಂಟಿ ಕೊಡಲಾಗುವುದಿಲ್ಲ, ಮಗಳು ಹಸಿಯಾಗಿ ತಿನ್ನುವುದು ಬೇಡ, ಹಬೆಯಾಡುವಷ್ಟು ಬಿಸಿ ಮಾಡಿ ಕೊಡಿ, ಡಾಕ್ಟರನ್ನೂ ಒಮ್ಮೆ ಕೇಳಿ ಎಂದೆವು. ನಿಮ್ಮ ಮನೆಯಲ್ಲೂ ಬಸುರಿಯರು, ವಯಸ್ಸಾದವರು ಇದ್ದರೆ ಇದೇ ಮಾತು.

ಮುಂದಿನ ಶುಕ್ರವಾರದ ಫೆಟಾ ಬೇಕಿದ್ದವರು ಈ ಸೋಮವಾರದೊಳಗೆ ಹೇಳಿಬಿಡಿ.

ಇಂತಿ,
ನಿಮ್ಮ ಚೀಸ್ ಮಾಡುವವರು