ನಮ್ಮ ವೈನಿಗೆ (ಅಣ್ಣನ ಹೆಂಡತಿಗೆ), ಮತ್ತ ಎಲ್ಲಾರಿಗೂ

ನಿನ್ನೆ ಹಲ್ಲಿನ ಡಾಕ್ಟರು ಚೀಟಿ ಬರೆದುಕೊಟ್ಟರು: ಬಾಯಲ್ಲಿ ಸೋಂಕಿಲ್ಲ, ಕಿಡ್ನಿ ಕಸಿಗೆ ಅಡ್ಡಿಯಿಲ್ಲ. ಕಸಿ ಆದ ಮೇಲೆ ಮೈಯ ರೋಗನಿರೋಧಕ ಶಕ್ತಿಯನ್ನು ಗುಳಿಗೆ ಕೊಟ್ಟು ತಗ್ಗಿಸುತ್ತಾರಲ್ಲ, ಆಗ ವಸಡಿನ ಸಂದಿಯಲ್ಲಿ ಅಡಗಿದ ಕೀವೂ ಜೀವಕ್ಕೆ ಮುಳುವಾಗಬಹುದು. ಅದಕ್ಕೇ ಈ ಚೀಟಿ. ಕಿಡ್ನಿಯ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಬಾಯಿಯ ಕಥೆ ಮಾತ್ರ ಯಾರಿಗೂ ಹೇಳಿರಲಿಲ್ಲ. ನಾಚಿಕೆ.

ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ತಾಸು ನನ್ನನ್ನು ಸಹಿಸಿಕೊಂಡ, ಮಷಿನ್ನಿನಲ್ಲಿ ರಕ್ತ ಸೋಸುವ ಡಯಾಲಿಸಿಸ್ ವಾರ್ಡಿನ ಸಿಸ್ಟರುಗಳು, ನಸುಕಿನಲ್ಲಿ ವಿಜಯಪುರದ ಬಸ್ಸಿಗೆ ಬಿಡುತ್ತಿದ್ದ ಗೆಳೆಯ, ಅಂಗಡಿ ನೋಡಿಕೊಂಡ ತಮ್ಮ, ರೊಕ್ಕ ಕಳಿಸಿ 'ತಿರುಗಿ ಕೊಡಬ್ಯಾಡ' ಅಂದ ಸಾಲಿ ಗೆಳೆಯರು, ಎಲ್ಲರಿಗೂ ಕೈಮುಗಿಯುತ್ತೇನೆ. ಕಿಡ್ನಿ ಕೊಡಲು ನಿಂತಿರುವ ಅವ್ವನ ಬಗ್ಗೆ ಈಗ ಬರೆಯಲಾರೆ. ಇವತ್ತು ವೈನಿಯ ಸರದಿ.

ಕಿಡ್ನಿ ಕೈಕೊಟ್ಟರೆ ಉಚ್ಚೆಯಲ್ಲಿ ಹೋಗಬೇಕಾದ ಯೂರಿಯಾ ರಕ್ತದಲ್ಲೇ ಉಳಿದು ಜೊಲ್ಲಿಗೂ ಬಂದು, ಬಾಯಲ್ಲಿ ಅಮೋನಿಯಾ ಆಗುತ್ತದೆ. ಎಷ್ಟು ತಿಕ್ಕಿದರೂ ಹೋಗದ ನಾತ. ಮೇಲಿಂದ ನೀರಿನ ಕಟ್ಟು: ಇಂಡಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ನನಗೆ ಮುಕ್ಕಾಲು ಲೀಟರ್, ಚಹಾ, ಸಾರು ಎಲ್ಲ ಅದರೊಳಗೇ. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಜೊಲ್ಲು ಬತ್ತಿದ ಬಾಯಲ್ಲಿ ಹಲ್ಲು ಬೇಗ ಹುಳುಕುತ್ತವೆ. (ಬಾಯಾರಿಕೆಗೆಂದು ನಮ್ಮೂರ ಲಿಂಬಿಹೋಳು ಚೀಪುತ್ತಿದ್ದೆ, ಒಣಬಾಯಿಗೆ ಹುಳಿ ಇನ್ನೂ ಕೆಟ್ಟದ್ದೆಂದು ಆಮೇಲೆ ಬೈಸಿಕೊಂಡೆ.) ಕೈ ಅಡ್ಡ ಹಿಡಿದೇ ಮಾತಾಡುವುದು ಚಟವಾಯಿತು. ಮಗಳಿಗೆ ಮುತ್ತು ಕೊಡುವುದು ಬಿಟ್ಟೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೂ ಹೋಗಲಿಲ್ಲ.

ಹೋದ ಬೇಸಿಗೆಯಲ್ಲಿ ದವಡೆ ಹಲ್ಲು ಬಾತು, ತಡೆಯಲಾರದೆ, ಡಯಾಲಿಸಿಸ್ ಮುಗಿಸಿದ ಸಂಜೆಯೇ ಒಂದು ದವಾಖಾನೆಗೆ ಹೋಗಿ ಕೀಳಿಸಿಕೊಂಡೆ. ಹೇಳಿದರೆ ಇವತ್ತು ಕೀಳುವುದಿಲ್ಲ ಅಂತಾರೆಂದು ಡಯಾಲಿಸಿಸ್ ಸುದ್ದಿಯನ್ನೇ ಎತ್ತಲಿಲ್ಲ. ತಪ್ಪು ನನ್ನದೇ. ಮಷಿನ್ನಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಹೆಪಾರಿನ್ ಇನ್ನೂ ಮೈಯಲ್ಲಿತ್ತು. ನಮ್ಮಂಥವರಿಗೆ ಹಲ್ಲು ಕೀಳುವುದು ಡಯಾಲಿಸಿಸ್‌ನ ಮರುದಿನ ಎಂಬುದನ್ನು ನಾನು ಹೀಗೆ ಕಲಿತೆ.

ರಾತ್ರಿ ಹತ್ತಕ್ಕೆ ದಿಂಬು ಕೆಂಪಾಗಿತ್ತು. ಗಾಳಿಮಳೆಗೆ ಬೇವಿನ ಗಿಡ ಬಿದ್ದು ಊರ ರಸ್ತೆ ಬಂದ್, ಕರೆಂಟಿಲ್ಲ. ಅಣ್ಣ ಸೊಲ್ಲಾಪುರದಲ್ಲಿ, ಹೆಂಡತಿ ತವರಿನಲ್ಲಿ. ವೈನಿ ವಾರ್ಡಿಗೆ ಫೋನ್ ಹಚ್ಚಿದರು. 'ಮುಕ್ಕಳಿಸಬಾರದು, ಉಗುಳಬಾರದು, ಒತ್ತಿ ಹಿಡೀರಿ, ದಾರಿ ತೆರೆದ ಕೂಡಲೇ ಕರ್ಕೊಂಡ್ ಬರ್ರಿ' ಅಂದರು ಅಲ್ಲಿಂದ. ಧೋತರದ ತುಂಡು ಕುದಿಸಿ ಹಿಂಡಿ, ಎಡಗೈಯಲ್ಲಿ ಮೊಬೈಲ್ ಟಾರ್ಚು, ಬಲಗೈ ಬೆರಳು ನನ್ನ ಬಾಯೊಳಗೆ. ನಾನು ಮುಖ ತಿರುಗಿಸಿದೆ. 'ವೈನಿ, ವಾಸನಿ ಬರ್ತದ, ದೂರ ಸರೀರಿ.'

'ಎಮ್ಮಿ ಈಯಿಸಿದಾಕಿ ನಾನು. ನಿನ್ನ ಬಾಯಿ ಏನ್ ಹೆಚ್ಚಿಂದು? ಸುಮ್ಮ ತೆರಿ.'

ನಡುರಾತ್ರಿ ಒಮ್ಮೆ, ಇದೆಲ್ಲ ಇಲ್ಲಿಗೇ ಮುಗಿದರೆ ಸಾಕು ಅನ್ನಿಸಿತ್ತು. ಬರೆಯಬಾರದೇನೋ, ಆದರೆ ಅನ್ನಿಸಿದ್ದು ನಿಜ. ಅದನ್ನೂ ವೈನಿಗೆ ಹೇಳಿದೆ. ಅವರು ಬೆರಳು ತೆಗೆಯಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಈ ಸಲ ಶೇಂಗಾ ಎಷ್ಟು ಚೀಲ ಆದವು, ಯಾವ ದಲಾಲಿ ತೂಕದಲ್ಲಿ ಹೊಡೆದ ಅಂತ ಹೇಳುತ್ತಾ ಕೂತರು. ನಸುಕಿಗೆ ಜೊಂಪು ಹತ್ತಿ ಅವರ ಬೆರಳು ಕಚ್ಚಿದ್ದೆ. ಕಲೆ ಇನ್ನೂ ಇದೆ.

ಬೆಳಗ್ಗೆ ಗಿಡ ಕಡಿದು ದಾರಿ ಬಿಡಿಸಿದವರಿಗೂ ಋಣಿ. ದವಾಖಾನೆಯಲ್ಲಿ ಹೊಲಿಗೆ ಹಾಕಿದರು, ಮುಂದಿನ ಡಯಾಲಿಸಿಸ್ ಹೆಪಾರಿನ್ ಇಲ್ಲದೆ ನಡೆಯಿತು. ಆಮೇಲಿನ ತಿಂಗಳುಗಳಲ್ಲಿ ವಸಡು ಸ್ವಚ್ಛ ಮಾಡಿ, ಹುಳುಕು ತುಂಬಿ, ವಸಡು ಊದಿಸುತ್ತಿದ್ದ ಬಿಪಿ ಗುಳಿಗೆ ಬದಲಾಯಿಸಲು ಕಿಡ್ನಿ ಡಾಕ್ಟರಿಗೆ ಬರೆದ ಹಲ್ಲಿನ ಡಾಕ್ಟರಿಗೆ ನಮಸ್ಕಾರ.

ನಿನ್ನೆ ಚೀಟಿ ತೋರಿಸಿದೆ. ವೈನಿ ರೊಟ್ಟಿ ಬಡಿಯುತ್ತಿದ್ದರು, ಕೈಯೆಲ್ಲ ಹಿಟ್ಟು. 'ಚೀಟಿ ಇರಲಿ, ಬಾಯಿ ತೆರಿ, ನೋಡೂನು' ಅಂದರು. ಕೈ ಅಡ್ಡ ಹಿಡಿಯದೆ ತೆರೆದೆ.