ಈ ಭಾನುವಾರ ಲಿಲಿಯನ್ ಗಿಶ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ, ಎಂದಿನ ಜಾಗದಲ್ಲೇ 'ವೇ ಡೌನ್ ಈಸ್ಟ್' ನೋಡೋಣ. 1920ರ ಮೂಕಿ ಚಿತ್ರ, ನಾಯಕಿ ಲಿಲಿಯನ್ ಗಿಶ್. ಮೂಕಿ ಅಂದ ತಕ್ಷಣ ಅರ್ಧ ಜನ ನೆಪ ಹುಡುಕುತ್ತೀರಿ, ಗೊತ್ತು. ಕೊನೆಯ ಭಾಗಕ್ಕಾದರೂ ಬನ್ನಿ.

ಅಲ್ಲಿ ನಾಯಕಿ ಎಚ್ಚರ ತಪ್ಪಿ ಮಂಜುಗಡ್ಡೆಯ ತುಂಡೊಂದರ ಮೇಲೆ ಬಿದ್ದಿರುತ್ತಾಳೆ. ಹೊಳೆ ಅದನ್ನು ಜಲಪಾತದ ಕಡೆಗೆ ಎಳೆಯುತ್ತಿರುತ್ತದೆ. ಅವಳ ಒಂದು ಕೈ, ಬಿಚ್ಚಿದ ಕೂದಲು ನೀರಲ್ಲಿ ಎಳೆದುಕೊಂಡು ಹೋಗುತ್ತಿರುತ್ತವೆ. ಕೈಯನ್ನು ನೀರಲ್ಲಿ ಬಿಡುವ ಐಡಿಯಾ ಗಿಶ್ ಅವರದೇ! ಅಮೆರಿಕದ ವರ್ಮಾಂಟ್‌ನ ಕೊರೆಯುವ ಚಳಿ, ನಿಜವಾದ ನದಿ. ಆ ಕೈಯ ತೊಂದರೆ ಮುಂದೆ ಎಷ್ಟೋ ವರ್ಷ ಕಾಡಿತು.

ಗಿಶ್ ಚಿಕ್ಕ ಹುಡುಗಿಯಾಗಿದ್ದಾಗಲೇ ನಾಟಕದ ವೇದಿಕೆ ಹತ್ತಿದವರು. 1912ರಲ್ಲಿ ತಂಗಿ ಡೊರೊಥಿ ಜೊತೆ ಸಿನಿಮಾಗೆ ಬಂದರು. ಅಕ್ಕ ಯಾರು, ತಂಗಿ ಯಾರು ಅಂತ ತಿಳಿಯದೆ ನಿರ್ದೇಶಕ ಗ್ರಿಫಿತ್ ಇಬ್ಬರ ತಲೆಗೂ ಬೇರೆ ಬೇರೆ ಬಣ್ಣದ ರಿಬ್ಬನ್ ಕಟ್ಟಿಸಿದರಂತೆ. 1920ರಲ್ಲೇ ಗಿಶ್ ತಂಗಿಯನ್ನು ನಾಯಕಿ ಮಾಡಿ ತಾವೇ ಒಂದು ಚಿತ್ರ ನಿರ್ದೇಶಿಸಿದರು. ಟಾಕಿ ಬಂದ ಮೇಲೆ ಜಾಸ್ತಿ ನಾಟಕದ ಕಡೆಗೇ ಹೋದರು. ಆದರೂ ಕೊನೆಯ ಚಿತ್ರ ಬಂದಿದ್ದು 1987ರಲ್ಲಿ. ಆಗ ವಯಸ್ಸು 90 ದಾಟಿತ್ತು! ನಮಗೆ ಒಂದು ಭಾನುವಾರ ಮೆಟ್ಟಿಲು ಹತ್ತೋಕೆ ಮಂಡಿ ನೋವು, ಅಲ್ವಾ?

ಚಿತ್ರ ಎರಡು ಗಂಟೆಗೂ ಜಾಸ್ತಿ ಇದೆ, ನಡುವೆ ಕಾಫಿ ಇರುತ್ತದೆ. ಬರುವವರು ಶನಿವಾರದೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಹೆಬ್ಬೆಟ್ಟು ತೋರಿಸಬೇಡಿ, ಲೆಕ್ಕ ಸಿಗಲ್ಲ.