ಆ ಕೇರಿಯ ಲೆಕ್ಕ ಬಿಡಬೇಡ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. ಓದು ಹೆಚ್ಚಾದ ಮನೆಗಳಲ್ಲಿ ಸೋದರ ಸಂಬಂಧದ ಮದುವೆ ಕಡಿಮೆ ಇರುತ್ತದೆ ಅನ್ನುವುದು ನಿನ್ನ ಗೈಡ್ ಅಂದಾಜು. ಊರಿನ ಉಳಿದ ಕಡೆ ಅದು ಸರಿಹೋಗಿದೆ. ಮೇಲಿನ ಕೇರಿಯಲ್ಲಿ ಮಾತ್ರ ಡಿಗ್ರಿ ಮಾಡಿದವರೂ ಅಕ್ಕನ ಮಗಳನ್ನೇ ತಂದುಕೊಂಡಿದ್ದಾರೆ. "ಆ ಕೇರಿ ಬಿಟ್ಟುಬಿಟ್ಟರೆ ಥೀಸಿಸ್ ಸಲೀಸಾಗಿ ಮುಗಿಯುತ್ತೆ ಅತ್ತೆ" ಅಂದೆಯಲ್ಲ, ಬಿಡಬೇಡ. ಯಾಕೆ ಅಂತ ಹೇಳಲು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರ ಕಥೆ ಬರೆಯುತ್ತೇನೆ. ನಿಮ್ಮ ಸಿಲಬಸ್‌ನಲ್ಲಿ ಅವರ ಹೆಸರು ಬಂದೇ ಬಂದಿರುತ್ತದೆ. ಆದರೆ ಪರೀಕ್ಷೆಗೆ ಓದುವುದೇ ಬೇರೆ, ಅಲ್ವಾ?

ಅವರು ಹುಟ್ಟಿದ್ದು 1905ರಲ್ಲಿ, ಬರ್ಮಾದಲ್ಲಿ. ಬೆಳೆದಿದ್ದು ಪುಣೆಯಲ್ಲಿ. ಬೊಂಬಾಯಿಯಲ್ಲಿ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆಯವರ ಕೈಕೆಳಗೆ ಎಂ.ಎ. ಮಾಡಿದರು. ಆಮೇಲೆ ಜರ್ಮನಿಗೆ ಹೋಗುತ್ತೇನೆ ಅಂದಾಗ ಬೇಡ ಅಂದವರು ಯಾರು ಗೊತ್ತಾ? ಮಾವ ಧೋಂಡೋ ಕೇಶವ ಕರ್ವೆ! ಹೆಣ್ಣುಮಕ್ಕಳ ಓದಿಗಾಗಿ ವಿಶ್ವವಿದ್ಯಾಲಯವನ್ನೇ ಕಟ್ಟಿದವರು. ಊರಿಗೆಲ್ಲ ಒಂದು ನ್ಯಾಯ, ಮನೆ ಸೊಸೆಗೆ ಇನ್ನೊಂದು. ಗಂಡ ದಿನಕರ ಜೊತೆಗೆ ನಿಂತರು, ಕಾಂಗ್ರೆಸ್ ನಾಯಕ ಜೀವರಾಜ ಮೆಹ್ತಾ ಸಾಲ ಕೊಟ್ಟರು, ಇವರು ಹೊರಟೇಬಿಟ್ಟರು.

ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಯಲ್ಲಿ ಅವರ ಗೈಡ್ ಓಯ್ಗೆನ್ ಫಿಷರ್. ತಲೆಬುರುಡೆಯ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಯುರೋಪಿನವರಲ್ಲಿ ಬೇರೆ ಥರ ಇರುತ್ತದೆ, ಅವರ ಬುದ್ಧಿ ಹೆಚ್ಚು ಅನ್ನುವುದಕ್ಕೆ ಅದೇ ಗುರುತು ಅಂತ ಆತನ ನಂಬಿಕೆ. ಅದನ್ನು ಅಳೆದು ತೋರಿಸುವ ಕೆಲಸ ಇವರ ಪಾಲಿಗೆ ಬಂತು. ಇವರು 149 ಬುರುಡೆಗಳನ್ನು ಒಂದೊಂದಾಗಿ ಅಳೆದರು. ಓರೆಕೋರೆ ಎಲ್ಲರಲ್ಲೂ ಇದೆ, ಜನಾಂಗಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಬರೆದರು. ಸ್ವಲ್ಪ ಯೋಚಿಸು. ಪರದೇಶ, ಪರಭಾಷೆ, ಸಾಲದ ದುಡ್ಡು. ಎದುರಿಗೆ ಕೂತವನ ಕೈಯಲ್ಲಿ ಡಿಗ್ರಿ. ನಾಲ್ಕು ಅಂಕಿ ಅತ್ತಿತ್ತ ಮಾಡಿದ್ದರೆ ಕೇಳುವವರು ಯಾರಿದ್ದರು? ಮಾಡಲಿಲ್ಲ. ಆತ ಪಾಸಿಗೆ ಸಾಕಾಗುವಷ್ಟು ಕೆಳಗಿನ ದರ್ಜೆ ಕೊಟ್ಟ. ಆದರೂ ಡಿಗ್ರಿ ಬಂತು. ಫಿಷರ್ ಮುಂದೆ ನಾಜಿಗಳ ಜೊತೆ ಸೇರಿದ ಅನ್ನುವುದು ನಿನಗೂ ಗೊತ್ತು.

ವಾಪಸ್ ಬಂದಮೇಲೆ ಕೆಲವು ವರ್ಷ ಮಹಿಳಾ ವಿಶ್ವವಿದ್ಯಾಲಯದಲ್ಲಿ ರಿಜಿಸ್ಟ್ರಾರ್ ಕೆಲಸ, ಬರೀ ಫೈಲು. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿದರು. ಸ್ಕೂಟರ್ ಓಡಿಸಿಕೊಂಡು ಓಡಾಡುತ್ತಿದ್ದರು, ನಿನ್ನಪ್ಪನಿಗೆ ಇದನ್ನು ತಪ್ಪದೆ ಹೇಳು.

ಇನ್ನೊಂದು ಸಂಗತಿ ಇದೆ, ನನಗೆ ಬರ್ಲಿನ್ ಕಥೆಗಿಂತ ಇದೇ ಹೆಚ್ಚು ಇಷ್ಟ. ದೊಡ್ಡ ಜಾತಿ ಒಡೆದು ಒಡೆದು ಒಳಜಾತಿಗಳಾದವು ಅನ್ನುವುದು ಘುರ್ಯೆಯವರ ವಾದ. ಇರಾವತಿ ಮಹಾರಾಷ್ಟ್ರದ ಕುಂಬಾರರನ್ನು ನೋಡಿದರು. ಕುಂಬಾರರು ಅಂತ ಹೆಸರು ಒಂದೇ. ಆದರೆ ಗುಂಪಿಂದ ಗುಂಪಿಗೆ ತಿಗರಿ ಬೇರೆ, ಕೆಲಸದ ರೀತಿ ಬೇರೆ, ಹೆಣ್ಣು ಕೊಡುಕೊಳ್ಳುವಿಕೆಯಂತೂ ಇಲ್ಲವೇ ಇಲ್ಲ. ಇವರು ಒಡೆದವರಲ್ಲ, ಮೊದಲಿಂದಲೂ ಬೇರೆ ಬೇರೆ ಇದ್ದವರು, ಕಸುಬು ಒಂದೇ ಆದ್ದರಿಂದ ಒಂದು ಹೆಸರು ಬಿತ್ತು ಅಂದರು. ಫಿಷರ್ ಪರದೇಶದವನು. ಘುರ್ಯೆ ಹಾಗಲ್ಲ, ತಮಗೆ ಈ ದಾರಿ ತೋರಿಸಿದ ಗುರು. ಅಂಥವರ ಮಾತನ್ನು ಅಲ್ಲಗಳೆಯುವುದು ಜಾಸ್ತಿ ಕಷ್ಟ.

ಹಾಗಂತ ಇರಾವತಿಯವರನ್ನೂ ಫೋಟೋ ಹಾಕಿ ಪೂಜೆ ಮಾಡಬೇಡ. ಬರ್ಲಿನ್‌ನಲ್ಲಿ ಕಲಿತ ಅಳತೆಪಟ್ಟಿಯನ್ನು ಅವರು ಇಲ್ಲಿಗೂ ತಂದರು. ಜಾತಿ ಜಾತಿಗೂ ತಲೆ, ಮೂಗು ಅಳೆಯುತ್ತಲೇ ಹೋದರು. ಇವತ್ತು ಅದನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ನಿನ್ನ ಕೆಲಸಕ್ಕೆ ಬೇಕಾಗಿರುವುದು 1953ರಲ್ಲಿ ಬಂದ ಅವರ ಬಂಧುತ್ವದ ಪುಸ್ತಕ. ಉತ್ತರದ ಕಡೆ ಹುಡುಗಿ ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಜನರ ನಡುವೆ ಹೋಗುತ್ತಾಳೆ. ನಮ್ಮ ಕಡೆ ಅಜ್ಜಿ ಮನೆಗೋ ಅತ್ತೆ ಮನೆಗೋ ಹೋಗುತ್ತಾಳೆ. ತವರಿಗೂ ಗಂಡನ ಮನೆಗೂ ಅಷ್ಟು ದೂರವಿಲ್ಲ. ಈ ವ್ಯತ್ಯಾಸವನ್ನು ಅವರು ಚೆನ್ನಾಗಿ ಬಿಡಿಸಿ ಇಟ್ಟಿದ್ದಾರೆ. ಇದನ್ನು ಇಟ್ಟುಕೊಂಡು ಮೇಲಿನ ಕೇರಿಯ ಹೆಂಗಸರನ್ನು ಇನ್ನೊಮ್ಮೆ ಮಾತಾಡಿಸು. ಡಿಗ್ರಿ ಇದ್ದೂ ಸೋದರಮಾವನನ್ನೇ ಯಾಕೆ ಒಪ್ಪಿದರು? ಜಮೀನಿಗಾಗಿಯಾ, ವರದಕ್ಷಿಣೆ ತಪ್ಪಲಿ ಅಂತಲಾ, ಮನೆಯವರ ಒತ್ತಾಯವಾ? ಗಂಡಸರು ಹೊಲಕ್ಕೆ ಹೋದ ಹೊತ್ತು ನೋಡಿ ಕೇಳು.

ಗೈಡ್ ಹತ್ತಿರ ಜಗಳಕ್ಕೆ ಹೋಗಬೇಡ. ಆ ಕೇರಿ ಸೇರಿಸಿ ಒಂದು ಪಟ್ಟಿ, ಬಿಟ್ಟು ಒಂದು ಪಟ್ಟಿ ಮಾಡಿ ಮುಂದಿಡು. ನೋಡಿ ಅವರೇ ಹೇಳಲಿ. ಆಮೇಲೂ ಬಿಡು ಅಂದರೆ, ಬಿಟ್ಟಿದ್ದೇನೆ, ಇಂಥ ಕಾರಣಕ್ಕೆ ಬಿಟ್ಟಿದ್ದೇನೆ ಅಂತ ಥೀಸಿಸ್‌ನಲ್ಲೇ ಬರೆಯುತ್ತೇನೆ ಅಂತ ಹೇಳು. ಅದಕ್ಕೆ ಯಾವ ಗೈಡೂ ಸುಮ್ನೆ ಒಪ್ಪುವುದಿಲ್ಲ, ನೋಡುತ್ತಿರು.

ಹೋಗಿಬರುವ ಬಸ್ ಖರ್ಚಿಗೆ ನಾಳೆ ದುಡ್ಡು ಹಾಕುತ್ತೇನೆ. ನಿನ್ನಮ್ಮನಿಗೆ ಹೇಳಬೇಡ.

ಇಂತಿ,
ನಿನ್ನ ಅತ್ತೆ